ಹಳೆಯ ಎಸ್19 ರಿಪೇರಿ: ಒಂದು ಯೂನಿಟ್ ಕರೆಂಟಿಗೆ ಎಷ್ಟು ಸಟೋಶಿ?

ಕೆಲಸಕ್ಕೆ ಬಂದದ್ದು ಬಳಸಿ ಬಿಟ್ಟ ಆಂಟ್‌ಮೈನರ್ ಎಸ್19, ಬಿಟ್‌ಕಾಯಿನ್ ಗಳಿಸಲು ಹಗಲಿರುಳು ಲೆಕ್ಕ ಹಾಕುವ (ಮೈನಿಂಗ್) ಯಂತ್ರ. ಕಾಗದದ ಪ್ರಕಾರ 95 ಟೆರಾಹ್ಯಾಶ್ (ಒಂದು ಟೆರಾಹ್ಯಾಶ್ ವೇಗವೆಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ), 3,250 ವಾಟ್. ಲೆಕ್ಕದ ಚಿಪ್ಪುಗಳಿರುವ ಮೂರು ಹ್ಯಾಶ್‌ಬೋರ್ಡ್‌ಗಳಲ್ಲಿ ಎರಡಷ್ಟೇ ಓಡುತ್ತಿದ್ದವು, ಚಿಪ್ಪುಗಳ ಶಾಖ ಹೀರುವ ಹೀಟ್‌ಸಿಂಕ್‌ಗಳ ನಡುವೆ ಧೂಳು ಕಂಬಳಿಯಂತೆ ಕೂತಿತ್ತು. ಮೂರನೆಯ ಬೋರ್ಡನ್ನು ಎಬ್ಬಿಸುವುದು ಅರ್ಧ ಕೆಲಸ. ಗೋಡೆಯ ಮೀಟರಿನಿಂದ ಪೂಲ್ (ಹಲವರ ಯಂತ್ರಗಳ ಲೆಕ್ಕ ಕೂಡಿಸಿ ಗಳಿಕೆ ಹಂಚುವ ಕೂಟ) ಖಾತೆಯವರೆಗೆ ಖರ್ಚು ಎಲ್ಲೆಲ್ಲಿ ಸೋರುತ್ತದೆ ಎಂದು ಅಳೆಯುವುದು ಇನ್ನರ್ಧ.

ಅಳತೆಗೋಲು

ಮೈನಿಂಗ್ ಖರ್ಚಿನ ಮಾತು ಸಾಮಾನ್ಯವಾಗಿ ಯಂತ್ರದ ಬೆಲೆಯಿಂದ ಶುರುವಾಗುತ್ತದೆ. ಇಲ್ಲಿ ಅದನ್ನು ಕೊನೆಗೆ ಇಡಲಾಗಿದೆ. ಮೊದಲು ಬೇಕಾದದ್ದು ಎರಡೇ ಅಂಕಿ: ಒಂದು ಟೆರಾಹ್ಯಾಶ್ ಲೆಕ್ಕ ಹಾಕಲು ಗೋಡೆಯಿಂದ ಎಷ್ಟು ಜೌಲ್ (ಒಂದು ವಾಟ್ ಒಂದು ಸೆಕೆಂಡ್ ಓಡಿದರೆ ಒಂದು ಜೌಲ್) ಬರುತ್ತದೆ, ಮತ್ತು ಒಂದು ಯೂನಿಟ್ ಕರೆಂಟು ಎಷ್ಟು ಸಟೋಶಿ (ಬಿಟ್‌ಕಾಯಿನ್ನಿನ ಅತಿ ಚಿಕ್ಕ ಪಾಲು) ಆಗಿ ಹೊರಬರುತ್ತದೆ.

ಬಿಟ್‌ಕಾಯಿನ್ ಬ್ಲಾಕ್ (ವಹಿವಾಟುಗಳ ಒಂದು ಕಟ್ಟು) ಸರಾಸರಿ 10 ನಿಮಿಷಕ್ಕೆ ಒಂದು, ಅಂದರೆ ದಿನಕ್ಕೆ 144. 2024ರ ಏಪ್ರಿಲ್‌ನ ಹಾಲ್ವಿಂಗ್ (ಬಹುಮಾನ ಅರ್ಧವಾಗುವುದು) ನಂತರ ಬ್ಲಾಕ್ ಕಂಡುಹಿಡಿದವರಿಗೆ 3.125 ಕಾಯಿನ್. ವಹಿವಾಟು ಶುಲ್ಕ ಬಿಟ್ಟರೆ ಇಡೀ ಜಗತ್ತಿಗೆ ದಿನಕ್ಕೆ ಹುಟ್ಟುವುದು 450 ಕಾಯಿನ್, ಅಷ್ಟೇ. ಎಲ್ಲರ ಯಂತ್ರಗಳೂ ಹಂಚಿಕೊಳ್ಳುವುದು ಇದನ್ನೇ. ನೆಟ್‌ವರ್ಕ್‌ನ ಒಟ್ಟು ಹ್ಯಾಶ್ 800 ಎಕ್ಸಾಹ್ಯಾಶ್ (ಒಂದು ಎಕ್ಸಾಹ್ಯಾಶ್ ಹತ್ತು ಲಕ್ಷ ಟೆರಾಹ್ಯಾಶ್) ಎಂದು ಇಟ್ಟುಕೊಂಡರೆ 95 ಟೆರಾಹ್ಯಾಶ್ ಯಂತ್ರದ ಪಾಲು ದಿನಕ್ಕೆ ಸುಮಾರು 5,344 ಸಟೋಶಿ. ಹತ್ತು ಕೋಟಿ ಸಟೋಶಿ ಸೇರಿದರೆ ಒಂದು ಕಾಯಿನ್. ಆ ದಿನ ಯಂತ್ರ ತಿನ್ನುವುದು 78 ಯೂನಿಟ್. ಭಾಗಿಸಿದರೆ ಯೂನಿಟ್ಟಿಗೆ 68.5 ಸಟೋಶಿ. ಕರೆಂಟಿನ ದರ ಈ 68 ಸಟೋಶಿಯ ಬೆಲೆಗಿಂತ ಹೆಚ್ಚಿದ್ದರೆ ಮುಂದಿನ ಯಾವ ಉಪಾಯವೂ ಯಂತ್ರವನ್ನು ಪೂರ್ತಿ ವೇಗದಲ್ಲಿ ಉಳಿಸುವುದಿಲ್ಲ.

800 ಎಂಬುದು ಲೆಕ್ಕದ ಅನುಕೂಲಕ್ಕೆ. ನಿಜವಾದ ಅಂಕಿ ಬೇಕಾದರೆ ಆ ಹೊತ್ತಿನ ಡಿಫಿಕಲ್ಟಿಯನ್ನು (ಬ್ಲಾಕ್ ಕಂಡುಹಿಡಿಯುವುದು ಎಷ್ಟು ಕಷ್ಟ ಎಂದು ನೆಟ್‌ವರ್ಕ್ ಇಡುವ ಅಂಕಿ) 2ರ 32ನೇ ಘಾತದಿಂದ ಗುಣಿಸಿ 600ರಿಂದ ಭಾಗಿಸಬೇಕು. ಬರುವುದು ಸೆಕೆಂಡಿಗೆ ಎಷ್ಟು ಹ್ಯಾಶ್ ಎಂಬುದು.

ಇದೇ ಲೆಕ್ಕದಲ್ಲಿ ಬೇರೆ ಯಂತ್ರಗಳು: ಟೆರಾಹ್ಯಾಶ್‌ಗೆ 98 ಜೌಲ್ ತಿನ್ನುವ ಹಳೆಯ ಎಸ್9 ಯೂನಿಟ್ಟಿಗೆ 24 ಸಟೋಶಿ ಕೊಡುತ್ತದೆ, 17.5 ಜೌಲಿನ ಎಸ್21 ಸುಮಾರು 134. ನಮ್ಮ ಎಸ್19 ಕಾಗದದಲ್ಲಿ ಟೆರಾಹ್ಯಾಶ್‌ಗೆ 34 ಜೌಲಿನ ಆಸುಪಾಸು. ಬಾಯಿಪಾಠ ಮಾಡಿಕೊಳ್ಳಬೇಕಾದದ್ದು ಇನ್ನೊಂದಿದೆ: ಈ ಯಂತ್ರದಲ್ಲಿ 95 ವಾಟ್ ಎಲ್ಲೇ ವ್ಯರ್ಥವಾದರೂ ಅದು ಟೆರಾಹ್ಯಾಶ್‌ಗೆ 1 ಜೌಲ್. ತಂತಿಯಲ್ಲಿ ಹೋಗಲಿ, ಫ್ಯಾನಿನಲ್ಲಿ ಹೋಗಲಿ, ಲೆಕ್ಕ ಒಂದೇ.

ಗೋಡೆಯಿಂದ ಯಂತ್ರದವರೆಗೆ

ಇದರ ಪವರ್ ಸಪ್ಲೈಗೆ 200ರಿಂದ 240 ವೋಲ್ಟ್ ಬೇಕು. 110 ಅಥವಾ 120 ವೋಲ್ಟಿನ ಸಾಕೆಟ್ ನಡೆಯುವುದಿಲ್ಲ. 230 ವೋಲ್ಟಿನಲ್ಲಿ 3,250 ವಾಟ್ ಎಂದರೆ 14.1 ಆಂಪಿಯರ್, ಅದೂ ಬಿಡುವಿಲ್ಲದೆ 24 ಗಂಟೆ. ನಿರಂತರ ಲೋಡಿಗೆ ಬ್ರೇಕರಿನ ಶೇ 80 ಮಾತ್ರ ಬಳಸಬೇಕು ಎಂಬ ನಿಯಮದಂತೆ 20 ಆಂಪಿಯರ್ ಎಂಸಿಬಿ, ಬೇರೆ ಯಾವುದೂ ಹಂಚಿಕೊಳ್ಳದ ಪ್ರತ್ಯೇಕ ಲೈನು. ಸಪ್ಲೈಗೆ ಎರಡು ಇನ್‌ಲೆಟ್ ಇವೆ, ಎರಡಕ್ಕೂ ಸಿ13 ಕೇಬಲ್ ಹಾಕಲೇಬೇಕು. ತಲಾ 7 ಆಂಪಿಯರ್ ಹರಿಯುತ್ತದೆ, 10 ಆಂಪಿಯರಿನ ಕೇಬಲ್ಲಿಗೆ ಅದು ಸಲೀಸು. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿದರೆ ಹಂಚಿ ಬಂದ ಲಾಭವೆಲ್ಲ ಆ ಬೋರ್ಡಿನ ಪ್ಲಗ್ಗಿನಲ್ಲೇ ಸುಟ್ಟುಹೋಗುತ್ತದೆ.

ಮೊದಲಿದ್ದ ತಂತಿ 2.5 ಚದರ ಮಿಮೀ ತಾಮ್ರ, ದೂರ 20 ಮೀಟರ್. ಹೋಗಿ ಬರುವ ದಾರಿ ಸೇರಿ 40 ಮೀಟರ್, ಮೀಟರಿಗೆ 7.41 ಮಿಲಿಓಮ್, ಒಟ್ಟು ಸುಮಾರು 0.3 ಓಮ್. 14 ಆಂಪಿಯರಿನಲ್ಲಿ 4 ವೋಲ್ಟ್ ಕುಸಿತ, 58 ವಾಟ್ ಗೋಡೆ ಬೆಚ್ಚಗಾಗಿಸಲು. 6 ಚದರ ಮಿಮೀ ತಂತಿ ಎಳೆದ ಮೇಲೆ ಅದೇ ದೂರಕ್ಕೆ 24 ವಾಟ್. ಉಳಿದದ್ದು 34 ವಾಟ್, ವರ್ಷಕ್ಕೆ ಸುಮಾರು 300 ಯೂನಿಟ್. ತಂತಿಯ ಖರ್ಚಿನ ಪಕ್ಕ ಈ 300 ಯೂನಿಟ್ ಇಟ್ಟು ತೂಗಿದರೆ ಸಾಕು. ದೂರ 5 ಮೀಟರ್ ಇದ್ದಿದ್ದರೆ ಇದಕ್ಕಾಗಿ ಹಳೆಯ ತಂತಿ ತೆಗೆಯುವ ಅಗತ್ಯ ಇರುತ್ತಿರಲಿಲ್ಲ.

ತಂತಿಗಿಂತ ಕೆಟ್ಟದ್ದು ಸಡಿಲವಾದ ಸ್ಕ್ರೂ. ಟರ್ಮಿನಲ್ಲಿನಲ್ಲಿ 0.1 ಓಮ್ ಪ್ರತಿರೋಧ ಬಂದರೂ 20 ವಾಟ್ ಶಾಖ ಆ ಒಂದು ಬಿಂದುವಿನಲ್ಲಿ ಕೂರುತ್ತದೆ. ಸಣ್ಣ ಸೋಲ್ಡರಿಂಗ್ ಐರನ್ ಒಂದನ್ನು ಸಾಕೆಟ್ಟಿನೊಳಗೆ ಮರೆತು ಬಂದಂತೆ. ಯಂತ್ರ ಒಂದು ಗಂಟೆ ಓಡಿದ ಮೇಲೆ ಪ್ರತಿ ಜೋಡಣೆಯನ್ನೂ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನೋಡಬೇಕು. ಅಕ್ಕಪಕ್ಕದ್ದಕ್ಕಿಂತ ಬಿಸಿಯಾದದ್ದನ್ನು ಕರೆಂಟು ತೆಗೆದು ಬಿಗಿಯಬೇಕು.

ಮೀಟರಿನ ಜಾಗವೂ ಮುಖ್ಯ. ತಂತಿ ಶುರುವಾಗುವ ಕಡೆ, ಎಂಸಿಬಿಯ ಪಕ್ಕದಲ್ಲೇ ಡಿನ್ ರೈಲ್ (ಎಂಸಿಬಿ ಸಿಕ್ಕಿಸುವ ಲೋಹದ ಪಟ್ಟಿ) ಎನರ್ಜಿ ಮೀಟರ್ ಕೂರಿಸಿದರೆ ತಂತಿಯ ನಷ್ಟವೂ ಎಣಿಕೆಗೆ ಬರುತ್ತದೆ. ಯಂತ್ರದ ವೆಬ್ ಪುಟ ತೋರಿಸುವ ವಾಟ್ ಎಷ್ಟೋ ಫರ್ಮ್‌ವೇರ್‌ಗಳಲ್ಲಿ (ಯಂತ್ರವನ್ನು ನಡೆಸುವ ಒಳಗಿನ ತಂತ್ರಾಂಶ) ಅಂದಾಜು ಮಾತ್ರ. ಬಿಲ್ ಬರುವುದು ಅದರ ಮೇಲಲ್ಲ.

ಸತ್ತ ಬೋರ್ಡ್

ಎರಡು ಬೋರ್ಡಿನಲ್ಲಿ 63 ಟೆರಾಹ್ಯಾಶ್, ಮೀಟರಿನಲ್ಲಿ 2,200 ವಾಟ್: ಟೆರಾಹ್ಯಾಶ್‌ಗೆ 34.9 ಜೌಲ್. ಫ್ಯಾನ್ ಮತ್ತು ಕಂಟ್ರೋಲ್ ಬೋರ್ಡಿನ ಖರ್ಚು ಮೂರರ ಬದಲು ಎರಡರ ತಲೆಮೇಲೆ ಬೀಳುವುದರಿಂದ ಸ್ವಲ್ಪ ಏರಿಕೆ. ದೊಡ್ಡ ನಷ್ಟ ಅದಲ್ಲ, ಬರದೇ ಹೋದ ಸಂಪಾದನೆ: ಒಂದು ಬೋರ್ಡ್ ಎಂದರೆ ದಿನಕ್ಕೆ 1,780 ಸಟೋಶಿ. ಇದರಲ್ಲಿ ಆ ಬೋರ್ಡಿನ ಕರೆಂಟು ಕಳೆದು, ಉಳಿದದ್ದನ್ನು ದಿನಗಳಿಂದ ಗುಣಿಸಿದರೆ ರಿಪೇರಿಗೆ ಎಷ್ಟು ಸುರಿಯಬಹುದು ಎಂಬ ಮಿತಿ ಸಿಗುತ್ತದೆ.

ಯಂತ್ರ ಆರಿಸಿ, ಎರಡೂ ಪ್ಲಗ್ ಕಿತ್ತು, ಕೆಪಾಸಿಟರುಗಳು ಖಾಲಿಯಾಗಲು ಹೊತ್ತು ಕೊಟ್ಟು ಬಿಚ್ಚಬೇಕು. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ತೆರೆಯಬಾರದು, ಒಳಗಿನ ಕೆಪಾಸಿಟರಿನಲ್ಲಿ 400 ವೋಲ್ಟಿನಷ್ಟು ಡಿಸಿ ಉಳಿದಿರಬಹುದು. ಧೂಳನ್ನು ಮೆತ್ತನೆಯ ಬ್ರಶ್ಶಿನಿಂದ ಸಡಿಲಿಸಿ, ಗಾಳಿಯನ್ನು ಎಂದಿನ ಹರಿವಿನ ವಿರುದ್ಧ ದಿಕ್ಕಿಗೆ ಊದಬೇಕು. ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿಯಬೇಕು, ಬಿಟ್ಟರೆ ಅದೇ ಡೈನಮೊ ಆಗಿ ಕರೆಂಟನ್ನು ಹಿಂದಕ್ಕೆ ತಳ್ಳುತ್ತದೆ. ಹೀಟ್‌ಸಿಂಕ್‌ಗಳನ್ನು ಒಂದೊಂದಾಗಿ ಬೆರಳಿನಿಂದ ಮೆಲ್ಲಗೆ ಅಲುಗಿಸಿ ನೋಡಬೇಕು. ಕಿತ್ತು ಬಿದ್ದ ಒಂದು ಹೀಟ್‌ಸಿಂಕ್ ಎರಡು ಡೊಮೇನ್‌ಗಳ (ಒಟ್ಟಿಗೆ ವಿದ್ಯುತ್ ಪಡೆಯುವ ಚಿಪ್ ಗುಂಪುಗಳ) ನಡುವೆ ಅಡ್ಡ ಬಿದ್ದು ಶಾರ್ಟ್ ಮಾಡಿದರೆ ರಿಪೇರಿ ಒಂದು ಚಿಪ್ಪಿಗೆ ನಿಲ್ಲುವುದಿಲ್ಲ.

ಲಾಗ್‌ನಲ್ಲಿದ್ದದ್ದು ಆ ಬೋರ್ಡಿನಲ್ಲಿ 0 ಚಿಪ್ ಎಂದು. ಸೊನ್ನೆ ಕಂಡರೆ ಚಿಪ್ಪಿಗೆ ಕೈ ಹಾಕುವ ಮುಂಚೆ ಅಗ್ಗದ ಅನುಮಾನಗಳನ್ನು ತೀರಿಸಿಕೊಳ್ಳಬೇಕು. ಡೇಟಾ ಕೇಬಲ್ಲನ್ನು ಓಡುವ ಬೋರ್ಡಿನದರ ಜೊತೆ ಅದಲುಬದಲು ಮಾಡಿದರೆ ಕೇಬಲ್ ಕೆಟ್ಟಿದೆಯೇ ತಿಳಿಯುತ್ತದೆ. ಕಂಟ್ರೋಲ್ ಬೋರ್ಡಿನ ಸ್ಲಾಟ್ ಬದಲಿಸಿದರೆ ಸ್ಲಾಟಿನ ತಪ್ಪೇ ತಿಳಿಯುತ್ತದೆ. ಇವೆರಡೂ ಇಲ್ಲಿ ಸರಿ ಇದ್ದವು. ಕೆಟ್ಟಿದ್ದದ್ದು ಕನೆಕ್ಟರಿನೊಳಗಿನ ಧೂಳು ಮತ್ತು ತಾಮ್ರಪಟ್ಟಿಯ ಎರಡು ಸ್ಕ್ರೂ, ಅಂಚಿನಲ್ಲಿ ಹಸಿರುಗಟ್ಟಿ ಸಡಿಲವಾಗಿದ್ದವು. ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪಟ್ಟಿಯ ಮೈ ಉಜ್ಜಿ ಬಿಗಿದ ಮೇಲೆ ಲೆಕ್ಕ 0ಯಿಂದ 51ಕ್ಕೆ ಬಂತು. ಇರಬೇಕಾದದ್ದು 76.

51 ಎಂಬ ಅಂಕಿಯೇ ದಾರಿ ತೋರಿಸುತ್ತದೆ. ಈ ಬೋರ್ಡಿನಲ್ಲಿ 76 ಚಿಪ್ಪುಗಳು ಒಂದರ ಬೆನ್ನಿಗೆ ಒಂದು ಸರಪಳಿಯಂತೆ ಕೂತಿವೆ. ಎರಡೆರಡು ಚಿಪ್ ಸೇರಿ ಒಂದು ಡೊಮೇನ್, ಒಟ್ಟು 38 ಡೊಮೇನ್, ವಿದ್ಯುತ್ತಿನ ದೃಷ್ಟಿಯಲ್ಲಿ ಸರಣಿ ಜೋಡಣೆ. ಒಂದೊಂದಕ್ಕೂ ಸುಮಾರು 0.36 ವೋಲ್ಟ್, ಕೂಡಿದರೆ 13.7. ಗಡಿಯಾರ, ಆದೇಶ ಮತ್ತು ರೀಸೆಟ್ ಸಂಕೇತಗಳು 1ನೇ ಚಿಪ್ಪಿನಿಂದ 76ರ ಕಡೆಗೆ ಹರಿಯುತ್ತವೆ, ಉತ್ತರ 76ರಿಂದ 1ರ ಕಡೆಗೆ ಮರಳುತ್ತದೆ. 51 ಸಿಕ್ಕಿವೆ ಎಂದರೆ ಸರಪಳಿ 52ರ ಹತ್ತಿರ ತುಂಡಾಗಿದೆ. 51 ಮತ್ತು 52 ಎರಡೂ 26ನೇ ಡೊಮೇನಿನವು.

ಅಳೆಯುವಾಗ ಹೊಸಬರು ಎಡವುವುದು ಇಲ್ಲೇ. ಪ್ರತಿ ಡೊಮೇನಿಗೂ ಅದರದೇ ಗ್ರೌಂಡ್ ಇದೆ. 26ನೆಯದರ ಗ್ರೌಂಡ್ ಬೋರ್ಡಿನ ಮೈನಸ್ಸಿಗಿಂತ 25 ಮೆಟ್ಟಿಲು ಮೇಲೆ, ಅಂದರೆ 9 ವೋಲ್ಟ್ ಎತ್ತರದಲ್ಲಿದೆ. ಮಲ್ಟಿಮೀಟರಿನ ಕಪ್ಪು ಪ್ರೋಬನ್ನು ಬೋರ್ಡಿನ ಮೈನಸ್ಸಿಗೆ ಇಟ್ಟು 1.8 ವೋಲ್ಟ್ ಹುಡುಕಿದರೆ 10.8 ಕಾಣುತ್ತದೆ, ಚಿಪ್ ಸುಟ್ಟಿದೆ ಎಂದು ಸುಮ್ಮನೆ ಗಾಬರಿ. ಕಪ್ಪು ಪ್ರೋಬ್ ಅದೇ ಡೊಮೇನಿನ ಗ್ರೌಂಡಿನಲ್ಲೇ ಇರಬೇಕು. ಕರೆಂಟು ಕೊಡುವ ಮುಂಚೆಯೇ ಪ್ರೋಬ್ ಕೂರಿಸಿ ಹಿಡಿಯಬೇಕು. ಓಡುವ ಬೋರ್ಡಿನ ಮೇಲೆ ಮೊನೆ ಜಾರಿದರೆ ಪಕ್ಕದ ಡೊಮೇನೂ ಹೋಗುತ್ತದೆ. ಬೋರ್ಡನ್ನು ಬೇರೆಯಾಗಿ ಓಡಿಸಿ ನೋಡುವ ಟೆಸ್ಟ್ ಫಿಕ್ಸ್ಚರ್ ಇಲ್ಲದಿದ್ದರೆ ಯಂತ್ರ ಎದ್ದು ಚಿಪ್ ಎಣಿಸುವ ಕೆಲವೇ ಸೆಕೆಂಡುಗಳಲ್ಲಿ ಅಳತೆ ಮುಗಿಯಬೇಕು.

ಚಿಪ್ಪುಗಳ ನಡುವಿನ ಟೆಸ್ಟ್ ಪಾಯಿಂಟ್‌ಗಳಲ್ಲಿ ಸರಿಯಾದ ಅಂಕಿಗಳು: ಸಿಎಲ್‌ಕೆ (ಗಡಿಯಾರ) ಸುಮಾರು 0.9 ವೋಲ್ಟ್, ಸಿಒ (ಆದೇಶ) 1.8, ಆರ್‌ಐ (ಉತ್ತರ) 1.8, ಬಿಒ 0, ಆರ್‌ಎಸ್‌ಟಿ (ರೀಸೆಟ್) 1.8. ಡೊಮೇನಿಗೆ ಬೇಕಾದ 1.8 ಮತ್ತು 0.8 ವೋಲ್ಟ್ ಕೊಡುವ ಎಲ್‌ಡಿಒ (ವೋಲ್ಟೇಜ್ ಸ್ಥಿರವಾಗಿಡುವ ಸಣ್ಣ ಬಿಡಿಭಾಗ) ಎರಡೂ ಸರಿ ಇದ್ದವು. ಅವು ಸತ್ತಿದ್ದರೆ 51 ಕೂಡ ಉತ್ತರ ಕೊಡುತ್ತಿರಲಿಲ್ಲ. 51 ಮತ್ತು 52ರ ನಡುವೆ ಎಲ್ಲ ಅಂಕಿಗಳೂ ಸರಿ. 52ನ್ನು ದಾಟಿದ ಮೇಲೆ ಆರ್‌ಎಸ್‌ಟಿ ಸೊನ್ನೆ. ಮರದ ಕಡ್ಡಿಯಿಂದ 52ರ ಮೇಲೆ ಮೆಲ್ಲಗೆ ಒತ್ತಿದರೆ 1.8 ಮಿನುಗಿ ಮರೆಯಾಗುತ್ತಿತ್ತು. ಚಿಪ್ ಸತ್ತಿಲ್ಲ, ಬೆಸುಗೆ ಬಿರುಕು ಬಿಟ್ಟಿದೆ. ಬಿಸಿ, ತಣ್ಣಗೆ, ಮತ್ತೆ ಬಿಸಿ ಎಂದು ವರ್ಷಗಟ್ಟಲೆ ಸಾಗಿದ್ದರ, ಬೋರ್ಡ್ ಕುಲುಕಿಕೊಂಡು ಸಾಗಾಟವಾದದ್ದರ ಗುರುತು ಇದು.

ಹೀಟ್‌ಸಿಂಕ್ ತೆಗೆದು, ಬೆಸುಗೆ ಹರಿಯಲು ನೆರವಾಗುವ ಫ್ಲಕ್ಸ್ ಹಾಕಿ, ಬೋರ್ಡನ್ನು ಕೆಳಗಿನಿಂದ ಪ್ರೀಹೀಟರ್ ಮೇಲೆ ಬಿಸಿ ಮಾಡಿ, ಆಮೇಲೆ ಮೇಲಿನಿಂದ ಹಾಟ್ ಏರ್ ಕೊಡಬೇಕು. ಅಲ್ಯೂಮಿನಿಯಂ ಮತ್ತು ತಾಮ್ರದ ದೊಡ್ಡ ರಾಶಿ ಶಾಖವನ್ನು ಹೀರುವುದರಿಂದ ಪ್ರೀಹೀಟ್ ಇಲ್ಲದೆ ಮೇಲಿನ ಗಾಳಿಯೊಂದನ್ನೇ ನಂಬಿದರೆ ಚಿಪ್ ಬೆಂದುಹೋಗುತ್ತದೆ, ಬೆಸುಗೆ ಕರಗುವುದಿಲ್ಲ. ಕರಗಿದಾಗ ಚಿಪ್ಪನ್ನು ಚಿಮಟದಿಂದ ಕೂದಲೆಳೆಯಷ್ಟು ತಳ್ಳಿದರೆ ತಾನೇ ಜಾಗಕ್ಕೆ ಮರಳುತ್ತದೆ, ಬೆಸುಗೆ ಹಿಡಿದದ್ದಕ್ಕೆ ಅದೇ ಸಾಕ್ಷಿ. ತಣ್ಣಗಾದ ಮೇಲೆ ಫ್ಲಕ್ಸ್ ಒರೆಸಿ, ಹೀಟ್‌ಸಿಂಕ್ ಮತ್ತೆ ಕೂರಿಸಿ ಎಣಿಸಿದಾಗ 76.

ಮೂರೂ ಬೋರ್ಡ್ ಸೇರಿ 24 ಗಂಟೆಯ ಸರಾಸರಿ ಕಾಗದದ ಅಂಕಿಗೆ ಬಂತು: 95 ಟೆರಾಹ್ಯಾಶ್, 3,250 ವಾಟ್. ಸರಾಸರಿಗೆ ಒಂದು ದಿನವಾದರೂ ಕೊಡಬೇಕು, ಹತ್ತು ನಿಮಿಷದ ಅಂಕಿ ನಂಬಲರ್ಹವಲ್ಲ.

ಗಾಳಿ

ಒಳಹೋದ 3,250 ವಾಟ್ ಪೂರ್ತಿ ಶಾಖವಾಗಿಯೇ ಹೊರಬರುತ್ತದೆ. ಗಾಳಿಯನ್ನು 15 ಡಿಗ್ರಿಗಿಂತ ಹೆಚ್ಚು ಬಿಸಿಯಾಗಲು ಬಿಡಬಾರದು ಎಂದಾದರೆ ಗಂಟೆಗೆ ಸುಮಾರು 650 ಘನ ಮೀಟರ್ ಹರಿಯಬೇಕು. ಸೂತ್ರ ಸುಲಭ: ವಾಟನ್ನು 3ರಿಂದ ಗುಣಿಸಿ ಡಿಗ್ರಿಯಿಂದ ಭಾಗಿಸುವುದು.

ಹವಾನಿಯಂತ್ರಣ ಯಂತ್ರ ಹಾಕುವ ಯೋಚನೆ ಇದ್ದರೆ ಮೊದಲು ಈ ಲೆಕ್ಕ: ಒಂದು ವಾಟಿಗೆ ಮೂರು ವಾಟ್ ಶಾಖ ಹೊರಹಾಕುವ ಎಸಿ ಈ ಯಂತ್ರಕ್ಕಾಗಿ 1,080 ವಾಟ್ ತಿನ್ನುತ್ತದೆ. ಟೆರಾಹ್ಯಾಶ್‌ಗೆ 11 ಜೌಲ್ ಹೆಚ್ಚು, 34ರ ಯಂತ್ರ 45ರದ್ದಾಗುತ್ತದೆ. ಬದಲಿಗೆ ಹೊರಗಿನ ಗಾಳಿ ಒಂದು ಕಡೆಯಿಂದ ಬಂದು ಬಿಸಿಗಾಳಿ ಡಕ್ಟಿನಲ್ಲಿ ಇನ್ನೊಂದು ಕಡೆ ಹೋಗುವಂತೆ ಮಾಡಿದರೆ 50 ವಾಟಿನ ಫ್ಯಾನ್ ಸಾಕು, ಅರ್ಧ ಜೌಲಿನ ಖರ್ಚು. ಸಾಮಾನ್ಯ ತಪ್ಪೆಂದರೆ ಬಿಸಿಗಾಳಿ ತಿರುಗಿ ಯಂತ್ರದ ಬಾಯಿಗೇ ಬರುವುದು. ಚಿಪ್ ಬಿಸಿಯಾದಷ್ಟೂ ಕೆಲಸ ಮಾಡದೆ ಸೋರುವ ಲೀಕೇಜ್ ಕರೆಂಟು ಹೆಚ್ಚುತ್ತದೆ, ಫ್ಯಾನ್ ಜೋರಾಗುತ್ತದೆ, ಎರಡೂ ಮೀಟರಿನ ಮೇಲೆಯೇ ಬೀಳುತ್ತವೆ. ಯಂತ್ರದ ಮುಂದೆ ಮತ್ತು ಕೋಣೆಯ ಹೊರಗೆ ಒಂದೊಂದು ಥರ್ಮಾಮೀಟರ್ ಇಟ್ಟರೆ ಗೊತ್ತಾಗುತ್ತದೆ. ವ್ಯತ್ಯಾಸ 2 ಡಿಗ್ರಿ ಮೀರಿದ್ದರೆ ಎಲ್ಲೋ ಸಂದಿಯಿದೆ, ಮುಚ್ಚಬೇಕು.

ವೋಲ್ಟೇಜ್ ಇಳಿಸಿದಾಗ

ನಿಜವಾದ ಉಳಿತಾಯ ಇರುವುದು ಇಲ್ಲಿ. ಚಿಪ್ಪಿನ ವಿದ್ಯುತ್ ಬಳಕೆ ಫ್ರೀಕ್ವೆನ್ಸಿಗೆ ನೇರ ಅನುಪಾತದಲ್ಲಿ, ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. ವೇಗ ಸ್ವಲ್ಪ ಬಿಟ್ಟುಕೊಟ್ಟರೆ ವೋಲ್ಟೇಜ್ ಇಳಿಸಲು ಅವಕಾಶ ಸಿಗುತ್ತದೆ, ಖರ್ಚು ವೇಗಕ್ಕಿಂತ ಜೋರಾಗಿ ಇಳಿಯುತ್ತದೆ. ಆಟೋಟ್ಯೂನಿಂಗ್ ಇರುವ ಫರ್ಮ್‌ವೇರ್ ಹಾಕಿ ಗುರಿಯನ್ನು 2,000 ವಾಟಿಗೆ ಇಟ್ಟು, ಪ್ರತಿ ಚಿಪ್ಪಿನ ಯೋಗ್ಯತೆ ನೋಡಿಕೊಳ್ಳಲು ಅದಕ್ಕೆ ಕೆಲವು ಗಂಟೆ ಬಿಟ್ಟಾಗ ನಿಂತದ್ದು 69 ಟೆರಾಹ್ಯಾಶ್‌ನಲ್ಲಿ: 29 ಜೌಲ್. ದಿನಕ್ಕೆ 48 ಯೂನಿಟ್, 3,881 ಸಟೋಶಿ, ಯೂನಿಟ್ಟಿಗೆ 80.9.

ಈಗ ಎರಡು ಸ್ಥಿತಿಗಳ ನಡುವಿನ ಅಂತರವನ್ನಷ್ಟೇ ನೋಡಬೇಕು. 69ರಿಂದ 95ಕ್ಕೆ ಏರಲು 26 ಟೆರಾಹ್ಯಾಶ್, ಅದಕ್ಕೆ 1,250 ವಾಟ್. ಅಂದರೆ ಕೊನೆಯ 26 ಟೆರಾಹ್ಯಾಶ್ ಬರುತ್ತಿರುವುದು 48 ಜೌಲಿನ ದರದಲ್ಲಿ. ಆ 30 ಯೂನಿಟ್ಟುಗಳು ತಂದುಕೊಡುವುದು 1,463 ಸಟೋಶಿ, ಯೂನಿಟ್ಟಿಗೆ 49 ಕೂಡ ಇಲ್ಲ. ಒಂದು ಯೂನಿಟ್ ಕರೆಂಟಿನ ದರ 55 ಸಟೋಶಿಯಷ್ಟಿದ್ದರೆ ಪೂರ್ತಿ ವೇಗದಲ್ಲಿ ಸರಾಸರಿ ಲಾಭವೇ ಕಾಣುತ್ತದೆ, ಆದರೆ ಆ ಕೊನೆಯ ಭಾಗ ಪ್ರತಿದಿನ ಸದ್ದಿಲ್ಲದೆ ನಷ್ಟ ಮಾಡುತ್ತಿರುತ್ತದೆ. ಸರಾಸರಿ ಅಂಕಿ ಇದನ್ನು ಮುಚ್ಚಿಡುತ್ತದೆ. ಯಂತ್ರಕ್ಕೆ ಕೊಟ್ಟ ದುಡ್ಡು ಎದುರಿಗೆ ತಂದು ವಾದಿಸುವವರಿದ್ದಾರೆ, ಬೇಗ ವಸೂಲಾಗಲಿ ಎಂದು. ಕೊಟ್ಟದ್ದು ಕೊಟ್ಟಾಯಿತು. ಈ 49ರ ಪ್ರಶ್ನೆಯಲ್ಲಿ ಅದಕ್ಕೆ ಜಾಗವಿಲ್ಲ.

ಫ್ಯಾನಿನ ಕಡೆಯೂ ಲಾಭವಿದೆ. ಫ್ಯಾನ್ ತಿನ್ನುವ ಶಕ್ತಿ ವೇಗದ ಘನಕ್ಕೆ ಅನುಪಾತ. ನಿಮಿಷಕ್ಕೆ 6,000 ಸುತ್ತಿನಿಂದ 4,200ಕ್ಕೆ ಇಳಿದರೆ ಮೂರನೇ ಒಂದು ಭಾಗ ಸಾಕು. ಸದ್ದೂ ಇಳಿಯುತ್ತದೆ. ಹಾಗೆಂದು ವಾಟ್ ಗುರಿಯನ್ನು ಇಳಿಸುತ್ತಲೇ ಹೋಗಲಾಗದು. ಒಂದು ಮಟ್ಟದ ಕೆಳಗೆ ದುರ್ಬಲ ಚಿಪ್ಪುಗಳು ತಪ್ಪು ಲೆಕ್ಕ ಕೊಡಲು ಶುರುಮಾಡುತ್ತವೆ, ಹಾರ್ಡ್‌ವೇರ್ ಎರರ್ ಏರುತ್ತದೆ, ಟೆರಾಹ್ಯಾಶ್‌ಗೆ ಜೌಲ್ ಮತ್ತೆ ಮೇಲಕ್ಕೆ ತಿರುಗುತ್ತದೆ. 100 ವಾಟಿನಂತೆ ಇಳಿಸುತ್ತಾ, ಪ್ರತಿ ಮೆಟ್ಟಿಲಿನಲ್ಲೂ ಒಂದು ದಿನ ನಿಲ್ಲಿಸಿ ಬರೆದುಕೊಂಡರೆ ಆ ತಿರುವು ಕಾಣುತ್ತದೆ.

ಶುಲ್ಕಗಳು, ನಿಂತ ಗಂಟೆಗಳು

ಇಂಥ ಫರ್ಮ್‌ವೇರ್‌ಗಳು ಸಾಮಾನ್ಯವಾಗಿ ಹ್ಯಾಶ್‌ನ ಒಂದು ಪಾಲನ್ನು ಶುಲ್ಕವಾಗಿ ತೆಗೆದುಕೊಳ್ಳುತ್ತವೆ, ಪೂಲ್ ಬೇರೆ. ತಲಾ ಶೇ 2 ಹಿಡಿದರೂ 80.9 ಎಂಬುದು 77.7 ಆಗುತ್ತದೆ. ಪೂರ್ತಿ ವೇಗದ 68.5ರಲ್ಲಿ ಪೂಲ್ ಶುಲ್ಕ ಕಳೆದರೆ 67.1. ಇಳಿಸಿದ್ದೇ ಮುಂದಿದೆ. ಶೇ 2 ಚಿಕ್ಕದೆಂದು ಅನ್ನಿಸುವುದು ಅದನ್ನು ಒಟ್ಟು ಆದಾಯದ ಎದುರು ನೋಡಿದಾಗ. ನೂರರಲ್ಲಿ ಎಂಬತ್ತು ಕರೆಂಟಿಗೆ ಹೋದರೆ ಉಳಿದ ಇಪ್ಪತ್ತರಲ್ಲಿ ಎರಡು ಎಂದರೆ ಲಾಭದ ಹತ್ತನೇ ಒಂದು ಭಾಗ.

ಎಫ್‌ಪಿಪಿಎಸ್ ಪೂಲಿನಲ್ಲಿ ಬ್ಲಾಕ್ ಸಿಗಲಿ ಬಿಡಲಿ ದಿನದ ಪಾಲು ಬರುತ್ತದೆ, ಅದಕ್ಕೆ ಶುಲ್ಕ ಹೆಚ್ಚು. ಬ್ಲಾಕ್ ಸಿಕ್ಕಾಗ ಮಾತ್ರ ಹಂಚುವ ಪಿಪಿಎಲ್‌ಎನ್‌ಎಸ್‌ನಲ್ಲಿ ಶುಲ್ಕ ಕಡಿಮೆ, ಏರಿಳಿತ ನಮ್ಮದು. ಆಗಾಗ ಆರಿಸಿ ಹಚ್ಚುವ ಯಂತ್ರಕ್ಕೆ ಎರಡನೆಯದು ಹೊಂದುವುದಿಲ್ಲ. ರಿಜೆಕ್ಟ್ ಆದ ಶೇರುಗಳು (ಕೆಲಸದ ಪುರಾವೆಯಾಗಿ ಯಂತ್ರ ಪೂಲಿಗೆ ಕಳಿಸುವ ಲೆಕ್ಕಗಳು) ಶೇ 1 ದಾಟಿದರೆ ದೂರದ ಸರ್ವರ್ ಅಥವಾ ಕೆಟ್ಟ ನೆಟ್‌ವರ್ಕ್ ಕೇಬಲ್ಲನ್ನು ಸಂಶಯಿಸಬೇಕು. ತಿಂಗಳಿಗೆ 7 ಗಂಟೆ ಯಂತ್ರ ನಿಂತರೂ ಅದು ಶೇ 1.

ಕೈಯಲ್ಲಿಲ್ಲದ ಖರ್ಚು ಡಿಫಿಕಲ್ಟಿ. ಪ್ರತಿ 2,016 ಬ್ಲಾಕಿಗೆ, ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆ ಅದು ಬದಲಾಗುತ್ತದೆ. ಹೆಚ್ಚಾಗಿ ಏರುತ್ತದೆ. ಚೀನಾ ಮೈನಿಂಗ್ ಮೇಲೆ ಹೇರಿದ ನಿಷೇಧದ ನಂತರ 2021ರ ಜುಲೈನಲ್ಲಿ ಒಮ್ಮೆಗೇ ಸುಮಾರು ಶೇ 28 ಇಳಿದದ್ದೂ ಉಂಟು, ಆಗ ಯಂತ್ರ ಆರಿಸದವರ ಪಾಲು ತಾನಾಗಿ ಹೆಚ್ಚಿತು. ನೆಟ್‌ವರ್ಕ್ ಶೇ 5 ಬೆಳೆದರೆ ನಮ್ಮ 80.9 ಎಂಬುದು 77ಕ್ಕೆ ಇಳಿಯುತ್ತದೆ. ಮುಂದಿನ ಹಾಲ್ವಿಂಗ್ 10,50,000ನೇ ಬ್ಲಾಕಿನಲ್ಲಿ, 2028ರ ನಿರೀಕ್ಷೆ. ಅಂದು ಬ್ಲಾಕಿಗೆ 1.5625 ಕಾಯಿನ್, ನಮ್ಮ ಅಂಕಿ 40ರ ಆಸುಪಾಸು.

ಯಂತ್ರದ ಬೆಲೆಯನ್ನು ಕೊನೆಗೆ ಇಟ್ಟದ್ದು ಇದಕ್ಕೇ. ಕೊಳ್ಳುವ ದಿನ ಬೆಲೆಯನ್ನು ಸಟೋಶಿಗೆ ಪರಿವರ್ತಿಸಿ, ಹಾಲ್ವಿಂಗ್‌ವರೆಗೆ ಉಳಿದ ದಿನಗಳಿಂದ ಭಾಗಿಸಬೇಕು. ಹಾಗೆ ಬಂದದ್ದು ದಿನಕ್ಕೆ 1,000 ಸಟೋಶಿ ಎಂದುಕೊಂಡರೆ, 48 ಯೂನಿಟ್ಟಿನ ಮೇಲೆ ಅದು ಯೂನಿಟ್ಟಿಗೆ 21 ಸಟೋಶಿಯ ಹೊರೆ. ಶುಲ್ಕ ಕಳೆದ 77.7ರಲ್ಲಿ ಈ 21 ಹೋದರೆ ಉಳಿಯುವ 57ರೊಳಗೆ ಕರೆಂಟಿನ ದರ ಇರಬೇಕು. ಇಲ್ಲದಿದ್ದರೆ ಕೊಳ್ಳಬಾರದು. ಕೊಂಡಾಗಿದ್ದರೆ ಮಿತಿ 77.7, ಅದರ ಕೆಳಗೆ ದರ ಇರುವವರೆಗೆ ಓಡಿಸಬಹುದು.

ಯಂತ್ರದ ಪಕ್ಕಕ್ಕೆ ಅಂಟಿಸಿದ ಚೀಟಿಯಲ್ಲಿ ಇರುವುದು ಇಷ್ಟು: 2,000 ವಾಟ್, 69 ಟೆರಾಹ್ಯಾಶ್, ಬೋರ್ಡ್ 2ರಲ್ಲಿ 52ನೇ ಚಿಪ್ ಮರುಬೆಸುಗೆ, ಮುಂದಿನ ಡಿಫಿಕಲ್ಟಿ ಬದಲಾವಣೆಯ ದಿನ ಮೀಟರ್ ಓದಿ ಮತ್ತೆ ಭಾಗಿಸುವುದು.